ಚಿಮಣಿಯಲ್ಲಿ ಹೋಗುತ್ತಿದ್ದ ದುಡ್ಡು

ಮಾಲಿನ್ಯದ ಬಗ್ಗೆ ಸ್ಟುಡಿಯೋದಲ್ಲಿ ಚರ್ಚೆ ಇಟ್ಟಾಗಲೆಲ್ಲ ಒಂದು ಮಾತು ಬಂದೇ ಬರುತ್ತೆ: 'ಸಾರ್, ಆ ಯಂತ್ರ ಹಾಕಿಸಿದ್ರೆ ನಾವು ಫ್ಯಾಕ್ಟರಿಗೆ ಬೀಗ ಹಾಕ್ಬೇಕಾಗುತ್ತೆ.' ಅವರು ಸುಳ್ಳು ಹೇಳ್ತಾರೆ ಅಂತ ನಾನು ಅನ್ನಲ್ಲ. ಆದ್ರೆ ಇದೇ ಮಾತನ್ನು ನೂರೈವತ್ತು ವರ್ಷಕ್ಕೂ ಹಿಂದೆ ಇಂಗ್ಲೆಂಡಿನಲ್ಲಿ ಆಡಿದವರಿಗೆ ಏನಾಯಿತು ಅನ್ನೋದನ್ನ ಒಮ್ಮೆ ನೋಡಬೇಕು.

ಸೋಪು, ಗಾಜು, ಬಟ್ಟೆ ಎಲ್ಲಕ್ಕೂ ಆಗ ಸೋಡಾ ಬೇಕಿತ್ತು. ಅದನ್ನು ತಯಾರಿಸುತ್ತಿದ್ದದ್ದು ಲೆಬ್ಲಾಂಕ್ ವಿಧಾನದಲ್ಲಿ. ಉಪ್ಪಿಗೆ ಗಂಧಕಾಮ್ಲ ಹಾಕಿ ಕಾಯಿಸುವುದು ಮೊದಲ ಹೆಜ್ಜೆ. ಆಗ ಏಳುವ ಆಮ್ಲದ ಹೊಗೆ ಸೀದಾ ಚಿಮಣಿಗೆ. ವಿಡ್ನೆಸ್, ಸೇಂಟ್ ಹೆಲೆನ್ಸ್ ಊರುಗಳ ಸುತ್ತ ಮರ, ಬೇಲಿ, ಬೆಳೆ ಎಲ್ಲ ಸುಟ್ಟುಹೋದವು. ಜಮೀನಿನವರು ಕೋರ್ಟಿಗೆ ಹೋದರು. ಮಾಲೀಕರು ಏನು ಮಾಡಿದರು ಗೊತ್ತೆ? ಚಿಮಣಿಯನ್ನು ಇನ್ನೂ ಎತ್ತರ ಕಟ್ಟಿಸಿದರು! ಹೊಗೆ ಪಕ್ಕದೂರಿನ ಮೇಲೆ ಇಳಿಯಿತು.

ಹಾಗಂತ ಪರಿಹಾರ ಇರಲಿಲ್ಲ ಅಂತಲ್ಲ. 1836ರಲ್ಲೇ ವಿಲಿಯಂ ಗೊಸೇಜ್ ಒಂದು ಗೋಪುರ ಮಾಡಿದ್ದ. ಒಳಗೆ ಕಡ್ಡಿಪುಳ್ಳೆ ತುಂಬಿ, ಮೇಲಿಂದ ನೀರು ಇಳಿಸಿ, ಕೆಳಗಿಂದ ಹೊಗೆ ಬಿಟ್ಟರೆ ಆಮ್ಲವೆಲ್ಲ ನೀರಿಗೆ ಸೇರುತ್ತಿತ್ತು. ಆದರೆ ಹಾಗೆ ಸಿಕ್ಕ ಆಮ್ಲಕ್ಕೆ ಗಿರಾಕಿ ಕಡಿಮೆ. ಲಾಭ ಇಲ್ಲದ ಗೋಪುರ ಯಾಕೆ ಅಂತ ಬಹಳ ಮಂದಿ ಸುಮ್ಮನಾದರು.

1863ರಲ್ಲಿ ಆಲ್ಕಲಿ ಕಾಯ್ದೆ ಬಂತು. ಹೊಗೆಯಲ್ಲಿನ ಆಮ್ಲದಲ್ಲಿ ಶೇ. 95 ಭಾಗ ಹಿಡಿಯಲೇಬೇಕು. ಇನ್ಸ್‌ಪೆಕ್ಟರ್ ಆಗಿ ಬಂದವರು ರಾಬರ್ಟ್ ಆಂಗಸ್ ಸ್ಮಿತ್, 'ಆಮ್ಲಮಳೆ' ಅನ್ನುವ ಮಾತನ್ನು ಚಾಲ್ತಿಗೆ ತಂದ ರಸಾಯನಶಾಸ್ತ್ರಜ್ಞ. ಕಾಯ್ದೆ ಹೊಗೆಗೆ ಮಾತ್ರ ಇತ್ತು. ಹಾಗಾಗಿ ಎಷ್ಟೋ ಮಾಲೀಕರು ಹಿಡಿದ ಆಮ್ಲವನ್ನು ಹಳ್ಳಕ್ಕೆ ಬಿಟ್ಟರು. ಈ ಬುದ್ಧಿ ನಮಗೇನೂ ಹೊಸದಲ್ಲ ಬಿಡಿ.

ಆದರೆ ಕೈಯಲ್ಲಿ ಅಷ್ಟೊಂದು ಆಮ್ಲ ಇದ್ದಾಗ ತಲೆ ಓಡಲೇಬೇಕಲ್ಲ? ಆಮ್ಲದಿಂದ ಕ್ಲೋರಿನ್ ತೆಗೆಯೋದು ಮೊದಲೇ ಗೊತ್ತಿತ್ತು. ಖರ್ಚು ಮಾತ್ರ ಜಾಸ್ತಿ, ಅದಕ್ಕೆ ಬಳಸುವ ಮ್ಯಾಂಗನೀಸ್ ಪ್ರತಿ ಸಲ ಹಾಳಾಗುತ್ತಿತ್ತು. ವಾಲ್ಟರ್ ವೆಲ್ಡನ್ ಅದನ್ನು ಮರಳಿ ಪಡೆಯುವ ದಾರಿ ಕಂಡುಹಿಡಿದ. ಈತ ಮೂಲತಃ ಪತ್ರಕರ್ತ! ನಮ್ಮವರೂ ಒಮ್ಮೊಮ್ಮೆ ಕೆಲಸಕ್ಕೆ ಬರ್ತಾರೆ ನೋಡಿ. ವಿಡ್ನೆಸ್‌ನ ಹೆನ್ರಿ ಡೀಕನ್ ಮ್ಯಾಂಗನೀಸೇ ಬೇಡದ ಇನ್ನೊಂದು ವಿಧಾನ ತಂದ. ಕ್ಲೋರಿನ್ನನ್ನು ಸುಣ್ಣಕ್ಕೆ ಸೇರಿಸಿದರೆ ಬ್ಲೀಚಿಂಗ್ ಪೌಡರ್. ಬಟ್ಟೆ ಮಿಲ್ಲು, ಕಾಗದದ ಮಿಲ್ಲುಗಳಿಂದ ಅದಕ್ಕೆ ಭಾರೀ ಬೇಡಿಕೆ.

ಅಷ್ಟರಲ್ಲಿ ನಿಜವಾದ ಹೊಡೆತ ಬಿತ್ತು. ಬೆಲ್ಜಿಯಂನ ಸಾಲ್ವೇ ವಿಧಾನದಲ್ಲಿ ಸೋಡಾ ಅಗ್ಗವಾಗಿ ತಯಾರಾಗತೊಡಗಿತು. 1873ರಲ್ಲಿ ಬ್ರನ್ನರ್ ಮತ್ತು ಮಾಂಡ್ ಅದನ್ನು ಇಂಗ್ಲೆಂಡಿನಲ್ಲೂ ಶುರು ಮಾಡಿದರು. ಸೋಡಾದಲ್ಲಿ ಲೆಬ್ಲಾಂಕ್ ಕಾರ್ಖಾನೆಗಳು ಸೋತವು. ಆದರೂ ಮುಚ್ಚಲಿಲ್ಲ. ಯಾಕೆಂದರೆ ಸಾಲ್ವೇ ವಿಧಾನದಲ್ಲಿ ಉಪ್ಪಿನ ಕ್ಲೋರಿನ್ ಪೂರ್ತಿ ವ್ಯರ್ಥ. ಇವರ ಹತ್ತಿರ ಬ್ಲೀಚಿಂಗ್ ಪೌಡರ್ ಇತ್ತು. ಯಾವುದನ್ನು ಹಿಡಿದರೆ ದಿವಾಳಿ ಆಗ್ತೀವಿ ಅಂತ ಹೆದರಿದ್ದರೋ, ಅದೇ ಅವರಿಗೆ ಅನ್ನ ಹಾಕಿತು.

ಎಲ್ಲಿಯವರೆಗೆ? 1890ರಲ್ಲಿ ನಲವತ್ತಕ್ಕೂ ಹೆಚ್ಚು ಕಂಪನಿಗಳು ಒಂದಾಗಿ ಯುನೈಟೆಡ್ ಆಲ್ಕಲಿ ಆದವು. ಅದೇ ದಶಕದಲ್ಲಿ ಉಪ್ಪುನೀರಿಗೆ ವಿದ್ಯುತ್ ಹಾಯಿಸಿ ಕ್ಲೋರಿನ್ ತೆಗೆಯುವ ಕಾರ್ಖಾನೆ ವಿಡ್ನೆಸ್‌ನ ಎದುರು ದಡದಲ್ಲೇ, ರನ್‌ಕಾರ್ನ್‌ನಲ್ಲಿ ಎದ್ದಿತು. 1926ರಲ್ಲಿ ಯುನೈಟೆಡ್ ಆಲ್ಕಲಿಯೂ ಬ್ರನ್ನರ್ ಮಾಂಡ್ ಕಂಪನಿಯೂ ಒಟ್ಟಿಗೇ ಐಸಿಐ ಎಂಬ ಹೊಸ ಕಂಪನಿಯೊಳಗೆ ಸೇರಿಹೋದವು.