ಚಾಕೊಲೇಟ್ ಸಂಗ್ರಹಾಲಯ ನೋಡುವ ಮುನ್ನ: ಇತಿಹಾಸ, ರುಚಿ ಮತ್ತು ನಮ್ಮ ಪುತ್ತೂರು

ಸೊಲ್ಲಾಪುರದ ಶೇಂಗಾ ಚಟ್ನಿ ಕುಟ್ಟುವುದನ್ನು ನೋಡಿದವರಿಗೆ ಚಾಕೊಲೇಟಿನ ಅರ್ಧ ಕಥೆ ಆಗಲೇ ಗೊತ್ತು. ಹುರಿದ ಶೇಂಗಾವನ್ನು ಖಾರ, ಉಪ್ಪು, ಬೆಳ್ಳುಳ್ಳಿಯೊಂದಿಗೆ ಒರಳಲ್ಲಿ ಕುಟ್ಟುತ್ತ ಹೋದರೆ ಮೊದಲು ಪುಡಿಯಾಗುತ್ತದೆ, ಆಮೇಲೆ ಒಳಗಿನ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಹುರಿದ ಕೋಕೋ ಬೀಜವನ್ನು ಅರೆದಾಗಲೂ ಆಗುವುದು ಇದೇ. ಕೋಕೋ ಬೀಜದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕೊಬ್ಬಿದೆ. ಅರೆಯುವಾಗಿನ ಬಿಸಿಗೆ ಅದು ಕರಗಿ ಇಡೀ ಬೀಜ ಕಂದು ಬಣ್ಣದ ದ್ರವವಾಗುತ್ತದೆ. ಅದಕ್ಕೆ ಸಕ್ಕರೆ ಸೇರಿದರೆ ಚಾಕೊಲೇಟ್.

ನಮ್ಮ ಅನೇಕ ಮನೆಗಳ ಮಕ್ಕಳು ಈಗ ಪುಣೆ, ಬೆಂಗಳೂರು ಮಾತ್ರವಲ್ಲ, ಜರ್ಮನಿ, ಸ್ವಿಟ್ಜರ್ಲೆಂಡಿನಲ್ಲೂ ಇದ್ದಾರೆ. ಅವರಲ್ಲಿಗೆ ಹೋದ ಹಿರಿಯರನ್ನು ಮೊದಲು ಕರೆದೊಯ್ಯುವ ಜಾಗಗಳಲ್ಲಿ ಚಾಕೊಲೇಟ್ ಸಂಗ್ರಹಾಲಯವೂ ಒಂದು. ವಿದೇಶಕ್ಕೆ ಹೋಗಲಾಗದವರಿಗೆ ಕನ್ನಡ ನಾಡಿನಲ್ಲೇ ಇದರ ಸರಿಸಾಟಿಯಾದ ಊರೊಂದಿದೆ: ದಕ್ಷಿಣ ಕನ್ನಡದ ಪುತ್ತೂರು. ಎರಡೂ ಬಗೆಯ ಪ್ರವಾಸಿಗರಿಗೆ ಉಪಯೋಗವಾಗಲೆಂದು ಈ ಮಾಹಿತಿ.

ಸಂಗ್ರಹಾಲಯದಲ್ಲಿ ಏನಿರುತ್ತದೆ?

ಅಕ್ಕಲಕೋಟದ ಅರಮನೆಯ ಶಸ್ತ್ರಾಗಾರದಲ್ಲಿ ಕತ್ತಿ, ಬಂದೂಕುಗಳನ್ನು ಕಣ್ಣಿನಿಂದ ನೋಡಿ ಬರುತ್ತೇವೆ. ಚಾಕೊಲೇಟ್ ಸಂಗ್ರಹಾಲಯದಲ್ಲಿ ಮೂಗು, ನಾಲಿಗೆಗೂ ಕೆಲಸವಿದೆ. ಜರ್ಮನಿಯ ಕಲೋನ್ ನಗರದಲ್ಲಿ ರೈನ್ ನದಿಯ ದಡದ ಸಂಗ್ರಹಾಲಯ 1993ರಲ್ಲಿ ಆರಂಭವಾಯಿತು. ಅಲ್ಲಿ ಗಾಜಿನ ಮನೆಯೊಳಗೆ ಕೋಕೋ ಗಿಡಗಳಿವೆ, ಹಳೆಯ ಪಾತ್ರೆಗಳಿವೆ, ಕೆಲಸ ಮಾಡುವ ಯಂತ್ರಗಳಿವೆ. ಕೊನೆಯಲ್ಲಿ 3 ಮೀಟರ್ ಎತ್ತರದ ಚಾಕೊಲೇಟ್ ಕಾರಂಜಿ ಇದೆ. ಸಿಬ್ಬಂದಿ ಬಿಸ್ಕತ್ತಿನ ತುಂಡನ್ನು ಅದರಲ್ಲಿ ಅದ್ದಿ ಕೊಡುತ್ತಾರೆ. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಬಳಿಯ ಕಿಲ್ಶ್‌ಬೆರ್ಗ್‌ನಲ್ಲಿ 2020ರಲ್ಲಿ ತೆರೆದ ಲಿಂಟ್ ಸಂಗ್ರಹಾಲಯದ ಕಾರಂಜಿಯ ಎತ್ತರ 9 ಮೀಟರಿಗೂ ಹೆಚ್ಚು.

ಇಂಥ ಕಡೆ ಗೋಡೆಯ ಮೇಲೆ ಬಹಳ ಬರೆದಿರುತ್ತಾರೆ. ಕೆಳಗಿನ ಆರು ಘಟ್ಟಗಳನ್ನು ನೆನಪಿಟ್ಟುಕೊಂಡರೆ ಒಳಗೆ ಕಾಣುವುದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

1. ಕೋಕೋ ಗಿಡದ ಮೂಲ ದಕ್ಷಿಣ ಅಮೆರಿಕದ ಅಮೆಜಾನ್ ಮೇಲ್ಭಾಗ. ಈಕ್ವೆಡಾರ್ ದೇಶದಲ್ಲಿ ಸುಮಾರು 5,300 ವರ್ಷ ಹಿಂದಿನ ಪಾತ್ರೆಗಳಲ್ಲಿ ಕೋಕೋ ಬಳಸಿದ ಕುರುಹು ಸಿಕ್ಕಿದೆ.

2. ಮೆಕ್ಸಿಕೋ ಭಾಗದ ಮಾಯಾ ಮತ್ತು ಅಜ್‌ಟೆಕ್ ಜನರಿಗೆ ಇದು ತಿನ್ನುವ ಸಿಹಿಯಲ್ಲ, ಕುಡಿಯುವ ಕಹಿ. ಬೀಜವನ್ನು ಕಲ್ಲಿನ ಮೇಲೆ ಅರೆದು, ನೀರಿನಲ್ಲಿ ಕದಡಿ, ಕೆಲವೊಮ್ಮೆ ಮೆಣಸಿನಕಾಯಿಯನ್ನೂ ಹಾಕಿ, ನೊರೆ ಬರಿಸಿ ಕುಡಿಯುತ್ತಿದ್ದರು. ಬೀಜ ನಾಣ್ಯವಾಗಿಯೂ ಚಲಾವಣೆಯಲ್ಲಿತ್ತು.

3. 16ನೇ ಶತಮಾನದಲ್ಲಿ ಸ್ಪೇನ್ ದೇಶದವರು ಅದನ್ನು ಯುರೋಪಿಗೆ ಒಯ್ದರು. ಅಲ್ಲಿ ಸಕ್ಕರೆ ಸೇರಿ ಶ್ರೀಮಂತರ ಪೇಯವಾಯಿತು.

4. 1828ರಲ್ಲಿ ಡಚ್ಚರ ವಾನ್ ಹೌಟೆನ್ ಮನೆತನ ಕೋಕೋದ ಕೊಬ್ಬನ್ನು ಹಿಂಡಿ ತೆಗೆಯುವ ಯಂತ್ರಕ್ಕೆ ಹಕ್ಕು ಪಡೆಯಿತು. ನಮ್ಮ ಗಾಣದ ತತ್ವವೇ ಇದು. ಹಿಂಡಿದಾಗ ಬಂದದ್ದು ಕೋಕೋ ಬೆಣ್ಣೆ, ಉಳಿದ ಹಿಂಡಿಯ ಪುಡಿಯೇ ಕೋಕೋ ಪೌಡರ್.

5. 1847ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನ ಫ್ರೈ ಕಂಪನಿ, ಹಿಂಡಿದ ಕೋಕೋ ಬೆಣ್ಣೆಯನ್ನು ಮತ್ತೆ ಸೇರಿಸಿ, ಅಚ್ಚಿನಲ್ಲಿ ಹೊಯ್ದು ತಿನ್ನುವ ಚಾಕೊಲೇಟ್ ಮಾಡಿತು.

6. 1875ರಲ್ಲಿ ಸ್ವಿಟ್ಜರ್ಲೆಂಡಿನ ಡೇನಿಯಲ್ ಪೀಟರ್ ಹಾಲಿನ ಚಾಕೊಲೇಟ್ ಮಾಡಿದರು. 1879ರಲ್ಲಿ ರೊಡಾಲ್ಫ್ ಲಿಂಟ್ ಗಂಟೆಗಟ್ಟಲೆ ತಿರುವುವ ಯಂತ್ರ ರೂಪಿಸಿದರು. ಚಾಕೊಲೇಟ್ ನಾಲಿಗೆಯ ಮೇಲೆ ನುಣ್ಣಗೆ ಕರಗತೊಡಗಿದ್ದು ಆಮೇಲೆ.

ಮೆಕ್ಸಿಕೋದ ಅರೆಯುವ ಕಲ್ಲನ್ನು ನೋಡಿದಾಗ ನಮ್ಮ ಹಿರಿಯರಿಗೆ ಮನೆಯ ಕಲ್ಲು ನೆನಪಾಗದೆ ಇರದು. ಇನ್ನೊಂದು ಸಂಗತಿ ಮಕ್ಕಳಿಗೆ ಹೇಳಿ: ನಾವು ಇಡ್ಲಿ ಹಿಟ್ಟಿಗೆ ಬಳಸುವ ಕಲ್ಲಿನ ವೆಟ್ ಗ್ರೈಂಡರನ್ನೇ ಸ್ವಲ್ಪ ಬದಲಿಸಿ ಇಂದು ಜಗತ್ತಿನ ಎಷ್ಟೋ ಸಣ್ಣ ಚಾಕೊಲೇಟ್ ತಯಾರಕರು ಕೋಕೋ ಅರೆಯಲು ಬಳಸುತ್ತಾರೆ.

ಪುತ್ತೂರಿನ ಕಥೆ

ಕರಾವಳಿ ಮತ್ತು ಕಾಸರಗೋಡಿನ ಕನ್ನಡಿಗರಿಗೆ ಕೋಕೋ ದೂರದ ವಸ್ತುವಲ್ಲ. ಅಡಿಕೆ ತೋಟದ ನೆರಳಿನಲ್ಲಿ ಬೆಳೆಯುವ ಉಪಬೆಳೆ. 1970ರ ಆಸುಪಾಸಿನಲ್ಲಿ ಅಡಿಕೆ ಧಾರಣೆ ಕುಸಿದಾಗ ಕರ್ನಾಟಕ, ಕೇರಳ ಎರಡೂ ರಾಜ್ಯಗಳ ಬೆಳೆಗಾರರು ಸೇರಿ 1973ರ ಜುಲೈ 11ರಂದು ಮಂಗಳೂರಿನಲ್ಲಿ ಕ್ಯಾಂಪ್ಕೋ ಸಹಕಾರಿ ಸಂಸ್ಥೆ ಕಟ್ಟಿದರು. ವಾರಣಾಶಿ ಸುಬ್ರಾಯ ಭಟ್ಟರು ಅದರ ಸ್ಥಾಪಕ ಅಧ್ಯಕ್ಷರು. ಗಡಿಯ ಎರಡೂ ಬದಿಯ ರೈತರು ಒಂದೇ ಸಂಸ್ಥೆಯಲ್ಲಿ ಕೂಡಿದ್ದು ಗಡಿನಾಡಿನವರಾದ ನಾವು ಗಮನಿಸಬೇಕಾದ ಮಾತು.

ಕೋಕೋ ಹಾಕಿ ಎಂದು ರೈತರಿಗೆ ಆಗ ಸಾಕಷ್ಟು ಪ್ರೋತ್ಸಾಹವಿತ್ತು. ಆದರೆ 1980ರ ಹೊತ್ತಿಗೆ ಬೆಲೆ ಬಿತ್ತು, ಕೊಳ್ಳುತ್ತಿದ್ದವರು ಹಿಂದೆ ಸರಿದರು. ಕೋಕೋದ ಹಸಿ ಬೀಜವನ್ನು ಜೋಳದಂತೆ ಹಗೇವಿನಲ್ಲಿ ಇಟ್ಟು ಕಾಯಲು ಬರುವುದಿಲ್ಲ, ಕೊಯ್ದ ಕೂಡಲೇ ಸಂಸ್ಕರಿಸಬೇಕು. ಬೇಸತ್ತ ರೈತರು ಗಿಡ ಕಡಿಯತೊಡಗಿದರು. ಆಗ ಕ್ಯಾಂಪ್ಕೋ ಖರೀದಿಗೆ ಇಳಿಯಿತು, ಸಂಸ್ಕರಿಸಿದ ಬೀಜವನ್ನು ಹೊರದೇಶಕ್ಕೂ ಕಳಿಸಿತು. ಬೀಜ ಮಾರುತ್ತ ಕೂತರೆ ಪರರ ಬೆಲೆಗೆ ಕೈಯೊಡ್ಡಬೇಕು ಎಂಬುದು ಅರಿವಾಗಿ, ಚಾಕೊಲೇಟನ್ನೇ ತಯಾರಿಸಲು ಪುತ್ತೂರಿನ ಕೆಮ್ಮಿಂಜೆಯಲ್ಲಿ ಕಾರ್ಖಾನೆ ಕಟ್ಟಲಾಯಿತು. 1986ರ ಸೆಪ್ಟೆಂಬರ್ 1ರಂದು ರಾಷ್ಟ್ರಪತಿ ಜ್ಞಾನಿ ಜೈಲ್ ಸಿಂಗ್ ಅದನ್ನು ಉದ್ಘಾಟಿಸಿದರು. ಕ್ಯಾಂಪ್ಕೋ ಬಾರ್, ಮೆಲ್ಟೋ ಮುಂತಾದವು ಅಲ್ಲಿಯವೇ.

ಸಂಗ್ರಹಾಲಯದಲ್ಲಿ ಗಾಜಿನ ಹಿಂದೆ ತೋರಿಸುವುದನ್ನು ಪುತ್ತೂರು ಸೀಮೆಯಲ್ಲಿ ತೋಟದಲ್ಲೇ ನೋಡಬಹುದು. ಹೂವು, ಕಾಯಿ ಎಲೆಗಳ ನಡುವೆ ಇರುವುದಿಲ್ಲ, ಹಲಸಿನಂತೆ ಕಾಂಡಕ್ಕೇ ಅಂಟಿಕೊಂಡಿರುತ್ತವೆ. ಒಂದು ಕಾಯಿಯಲ್ಲಿ 30–40 ಬೀಜ. ಸುತ್ತಲಿನ ಬಿಳಿ ತಿರುಳು ಹುಳಿಸಿಹಿ. ಬೀಜಗಳನ್ನು ತಿರುಳಿನೊಂದಿಗೆ ಐದಾರು ದಿನ ಹುಳಿಯಲು ಬಿಟ್ಟು, ಬಿಸಿಲಿಗೆ ಒಣಗಿಸುತ್ತಾರೆ. ಹುಳಿ ಬರದ ಬೀಜವನ್ನು ಎಷ್ಟು ಹುರಿದರೂ ಚಾಕೊಲೇಟಿನ ಪರಿಮಳ ಬಾರದು. ಏಪ್ರಿಲ್‌ನಿಂದ ಜೂನ್ ಮತ್ತು ಸೆಪ್ಟೆಂಬರ್‌ನಿಂದ ಜನವರಿ ಮುಖ್ಯ ಕೊಯ್ಲಿನ ಕಾಲ.

ಹೋಗುವುದು ಹೇಗೆ?

ಸೊಲ್ಲಾಪುರದಿಂದ ವಿಜಯಪುರ ಸುಮಾರು 100 ಕಿ.ಮೀ. ಅಲ್ಲಿಂದ ಮಂಗಳೂರಿಗೆ ಹೋಗುವ ರೈಲು ಹುಬ್ಬಳ್ಳಿ, ಹಾಸನ, ಸಕಲೇಶಪುರದ ಮೇಲೆ ಸಾಗುತ್ತದೆ. ಪುತ್ತೂರಿನ ನಿಲ್ದಾಣದ ಹೆಸರು ಕಬಕ ಪುತ್ತೂರು. ಹೊರಡುವ ಮುನ್ನ ವೇಳಾಪಟ್ಟಿ, ನಿಲುಗಡೆ ಖಚಿತ ಮಾಡಿಕೊಳ್ಳಿ. ಕಾರ್ಖಾನೆ ಎಂದರೆ ದುಡಿಮೆಯ ಜಾಗ, ಆದ್ದರಿಂದ ತಂಡವಾಗಿ ಹೋಗುವವರು ಮೊದಲೇ ಪತ್ರ ಬರೆದು ಅನುಮತಿ ಕೇಳಿ, ಸಿಕ್ಕ ಮೇಲೆಯೇ ಟಿಕೆಟ್ ತೆಗೆಸಿ. ಪುತ್ತೂರಿನಲ್ಲೇ ಶಿವರಾಮ ಕಾರಂತರ ಬಾಲವನವಿದೆ. ಹತ್ತಿರದ ವಿಟ್ಲದಲ್ಲಿ ಅಡಿಕೆ, ಕೋಕೋ ಸಂಶೋಧನೆಯ ಕೇಂದ್ರವಿದೆ. ಅದು ಕಾಸರಗೋಡಿನ ಕೇಂದ್ರೀಯ ತೋಟಬೆಳೆ ಸಂಶೋಧನಾ ಸಂಸ್ಥೆಯ ಶಾಖೆ.

ರುಚಿ ನೋಡುವ ಕ್ರಮ

ಇದಕ್ಕೆ ಪ್ರವಾಸವೇ ಬೇಕಿಲ್ಲ. ಸಂಘದ ಸಭೆಯಲ್ಲೋ ಶಾಲೆಯಲ್ಲೋ ಮೂರ್ನಾಲ್ಕು ಬಗೆಯ ಚಾಕೊಲೇಟ್ ತಂದು ಮಾಡಬಹುದು.

• ಖಾರದ ಊಟವಾದ ಕೂಡಲೇ ಬೇಡ. ಬೆಳಗಿನ ಹೊತ್ತು ಒಳ್ಳೆಯದು. ನಡುನಡುವೆ ನೀರು ಕುಡಿಯಿರಿ.
• ಕೋಕೋ ಪ್ರಮಾಣ ಕಡಿಮೆ ಇರುವುದರಿಂದ ಹೆಚ್ಚಿರುವುದರ ಕಡೆಗೆ ಹೋಗಿ.
• ಮೊದಲು ಮುರಿಯಿರಿ. ಚೆನ್ನಾಗಿ ಮಾಡಿದ ಕಪ್ಪು ಚಾಕೊಲೇಟ್ ಟಕ್ಕೆಂದು ಮುರಿಯುತ್ತದೆ.
• ಮೂಸಿ ನೋಡಿ, ನಂತರ ಚಿಕ್ಕ ತುಂಡನ್ನು ನಾಲಿಗೆಯ ಮೇಲಿಡಿ. ಅಗಿಯಬೇಡಿ, ಕರಗಲಿ.
• ಹುಳಿ, ಕಹಿ, ಹಣ್ಣು, ಹುರಿದ ಶೇಂಗಾ: ಯಾವ ರುಚಿ ನೆನಪಾಯಿತೆಂದು ಮಕ್ಕಳಿಂದ ಕನ್ನಡದಲ್ಲೇ ಹೇಳಿಸಿ. ಒಗರು, ಕಮಟು, ಘಮ ಎಂಬ ಮಾತುಗಳು ಹೀಗೆಯೇ ಬಾಯಿಗೆ ಬರುತ್ತವೆ.

ಹಾಲು, ಶೇಂಗಾ, ಗೋಡಂಬಿ ಒಗ್ಗದವರು ಹೊದಿಕೆ ಓದಿ ತಿನ್ನಬೇಕು. ಕಪ್ಪು ಚಾಕೊಲೇಟಿನಲ್ಲೂ ಸಕ್ಕರೆ ಇರುತ್ತದೆ. ಸಕ್ಕರೆ ಕಾಯಿಲೆಯವರು ಅಳತೆ ಮೀರಬಾರದು. ನಾಯಿಗಂತೂ ಕೊಡಲೇಬಾರದು, ಅದಕ್ಕೆ ಚಾಕೊಲೇಟ್ ವಿಷ.

ಸೊಲ್ಲಾಪುರದ ಬಿಸಿಲು ಮತ್ತು ಚಾಕೊಲೇಟ್

ಕೋಕೋ ಬೆಣ್ಣೆ ಸುಮಾರು 34 ಡಿಗ್ರಿಗೆ ಕರಗುತ್ತದೆ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 40 ದಾಟುವುದು ಸಾಮಾನ್ಯ. ಅದಕ್ಕೇ ಬೇಸಿಗೆಯಲ್ಲಿ ಚಾಕೊಲೇಟ್ ಕಿಸೆಯಲ್ಲಿ ನಿಲ್ಲುವುದಿಲ್ಲ. ಕರಗಿ ಮತ್ತೆ ಗಟ್ಟಿಯಾದಾಗ ಮೇಲೆ ಬಿಳಿ ಪೊರೆ ಕಾಣುತ್ತದೆ. ಸಾಮಾನ್ಯವಾಗಿ ಅದು ಬೂಷ್ಟಲ್ಲ, ಮೇಲೆ ಬಂದ ಕೊಬ್ಬು. ತಿಂದರೆ ತೊಂದರೆಯಿಲ್ಲ, ರುಚಿ ಮಾತ್ರ ಸಪ್ಪೆ. ಫ್ರಿಜ್ಜಿನಲ್ಲಿ ಇಡಲೇಬೇಕಾದರೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಹೊರತೆಗೆದ ಮೇಲೆ ತಂಪು ಆರುವ ತನಕ ಮುಚ್ಚಳ ತೆರೆಯಬೇಡಿ, ಇಲ್ಲವಾದರೆ ನೀರು ಕಟ್ಟುತ್ತದೆ.

ಬಿಸಿಲಿಗೂ ಕರಗದ ಅಗ್ಗದ ತುಂಡು ಸಿಕ್ಕರೆ ಹೊದಿಕೆ ತಿರುಗಿಸಿ ಓದಿ. ಕೋಕೋ ಬೆಣ್ಣೆಯ ಬದಲು ಬೇರೆ ವನಸ್ಪತಿ ಕೊಬ್ಬು ಬಳಸಿರುವ ಸಾಧ್ಯತೆ ಹೆಚ್ಚು. ಅದು ತಿನ್ನಬಾರದ ವಸ್ತುವೇನಲ್ಲ. ಆದರೆ ನಾವು ಮಕ್ಕಳ ಕೈಗೆ ಏನು ಕೊಡುತ್ತಿದ್ದೇವೆ ಎಂಬುದು ನಮಗೆ ಗೊತ್ತಿರಬೇಕು.

2024ರಲ್ಲಿ ಜಾಗತಿಕ ಮಾರುಕಟ್ಟೆಯಲ್ಲಿ ಕೋಕೋ ಬೆಲೆ ಟನ್ನಿಗೆ 10,000 ಡಾಲರ್ ದಾಟಿತು. ಅರ್ಧಕ್ಕಿಂತ ಹೆಚ್ಚು ಬೆಳೆ ಬರುವ ಐವರಿ ಕೋಸ್ಟ್, ಘಾನಾ ದೇಶಗಳಲ್ಲಿ ಫಸಲು ಕೆಟ್ಟದ್ದು ಮುಖ್ಯ ಕಾರಣ. 1980ರಲ್ಲಿ ಕಡಿಯಲು ಹೊರಟಿದ್ದ ಗಿಡವೇ ಹೀಗೆ ಬೆಲೆಬಾಳಿತು. ಇಂದು ಬಿದ್ದ ಬೆಲೆ ನಾಳೆ ಏಳಬಹುದು, ಎದ್ದದ್ದು ಬೀಳಲೂಬಹುದು. ಈರುಳ್ಳಿ, ದಾಳಿಂಬೆ ಬೆಳೆಯುವ ನಮ್ಮ ರೈತರಿಗೆ ಇದು ಹೊಸ ಮಾತಲ್ಲ. ಬೆಲೆ ಬಿದ್ದಾಗ ರೈತರೇ ಕೂಡಿ ಕೊಂಡು, ತಾವೇ ಪದಾರ್ಥ ಮಾಡಿ ಮಾರಬಹುದು ಎಂಬುದನ್ನು ಪುತ್ತೂರು ಮಾಡಿ ತೋರಿಸಿದೆ. ಅಲ್ಲಿಗೆ ಹೋದಾಗ ಚಾಕೊಲೇಟಿನ ಜೊತೆ ಈ ಕಥೆಯನ್ನೂ ಮಕ್ಕಳಿಗೆ ತಿಳಿಸಿ. ಹೋಗಿ ಬಂದವರು ತಮ್ಮ ಅನುಭವ ಬರೆದು ಕಳಿಸಿದರೆ ಉಳಿದವರಿಗೂ ದಾರಿಯಾಗುತ್ತದೆ.