ಸಾವಿರದ ಲೆಕ್ಕದ ಕೂಲಿ

ಭದ್ರಾವತಿಯಲ್ಲಿ ಒಂದು ಕಾಲಕ್ಕೆ ದುಡಿಯುವ ಜನರಲ್ಲಿ ಎರಡೇ ಪಂಗಡ: ಕಾರ್ಖಾನೆಯವರು ಮತ್ತು ಉಳಿದವರು. 1923ರಲ್ಲಿ ಕಬ್ಬಿಣ ತಯಾರಿಸತೊಡಗಿದ ಮೈಸೂರು ಸಂಸ್ಥಾನದ ಕಾರ್ಖಾನೆ, 1936ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆ, ಇವುಗಳ ಹಾಜರಿ ಪುಸ್ತಕದಲ್ಲಿ ಹೆಸರಿದ್ದವನಿಗೆ ತಿಂಗಳ ಸಂಬಳ, ವಸತಿ, ಆಸ್ಪತ್ರೆ, ಭವಿಷ್ಯನಿಧಿ ಎಲ್ಲವೂ ಇದ್ದವು. ಹೆಣ್ಣು ಕೊಡುವವರು ಮೊದಲು ಕೇಳುತ್ತಿದ್ದುದೇ ಹುಡುಗ ಪರ್ಮನೆಂಟೋ ಅಲ್ಲವೋ ಎಂದು. ಕಾರ್ಖಾನೆಯ ಇತಿಹಾಸ ಬರೆದವರಿದ್ದಾರೆ. ನಾನಿಲ್ಲಿ ಹೇಳಹೊರಟಿರುವುದು ಉಳಿದವರ ಮಾತು.

ಅದೇ ಊರಿನ ಕೇರಿಗಳಲ್ಲಿ ಹೆಂಗಸರು ತೊಡೆಯ ಮೇಲೆ ಮೊರವಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಎಲೆ, ಹೊಗೆಸೊಪ್ಪಿನ ಪುಡಿ, ನೂಲು ಗುತ್ತಿಗೆದಾರನದು. ಕೈ, ಕಣ್ಣು, ಬೆನ್ನು, ಕುಳಿತ ಜಗಲಿ ಅವರದು. ಕೂಲಿ ಸಾವಿರಕ್ಕೆ ಇಷ್ಟು ಎಂದು. ಸೈರನ್ನಿನ ಕಾಟವಿಲ್ಲ, ಮೇಸ್ತ್ರಿಯ ಗದರಿಕೆಯಿಲ್ಲ. ಬೇಕಾದಾಗ ಕಟ್ಟಬಹುದು, ಬೇಡವಾದಾಗ ಎದ್ದು ಒಲೆ ಹೊತ್ತಿಸಬಹುದು. ಹೀಗೆ ತಮ್ಮಿಷ್ಟದಂತೆ ದುಡಿಯುವವರು ತಮ್ಮ ಕೆಲಸಗಾರರಾಗುವುದು ಹೇಗೆ ಎಂಬುದು ಮಾಲೀಕರ ವಾದವಾಗಿತ್ತು.

ಈ ಸ್ವಾತಂತ್ರ್ಯ ಸಂಜೆಯ ಹೊತ್ತಿಗೆ ಮುಗಿಯುತ್ತಿತ್ತು. ಗುತ್ತಿಗೆದಾರ ಕಟ್ಟುಗಳನ್ನು ಒತ್ತಿ ನೋಡುತ್ತಿದ್ದ. ಇದು ಸಡಿಲ, ಇದು ಗಿಡ್ಡ, ಇದರ ಎಲೆ ಹರಿದಿದೆ ಎಂದು ಒಂದಷ್ಟನ್ನು ಬದಿಗೆ ತಳ್ಳುತ್ತಿದ್ದ. ತಳ್ಳಿದ ಬೀಡಿಗೆ ಕೂಲಿಯಿಲ್ಲ, ಎಷ್ಟೋ ಕಡೆ ಆ ಬೀಡಿಯೂ ಮರಳಿ ಸಿಗುತ್ತಿರಲಿಲ್ಲ. ಎದುರು ಮಾತಾಡಿದರೆ ನಾಳೆ ಎಲೆಯಿಲ್ಲ. ಬೀಡಿಯ ಕಷ್ಟವೆಂದರೆ ಕೂಲಿ ಕಡಿಮೆ ಎಂಬುದಷ್ಟೇ ಅಲ್ಲ. ಮಾಡಿದ ಕೆಲಸ ಕೆಲಸವೇ ಅಲ್ಲವೆಂದು ಒಬ್ಬನೇ ತೀರ್ಮಾನಿಸಬಹುದಾಗಿತ್ತು, ಅವನ ಮೇಲೆ ಕೇಳುವವರಿರಲಿಲ್ಲ.

ನ್ಯಾಯಾಲಯಗಳೂ ಬಹುಕಾಲ ತಡಕಾಡಿದವು. ಎಲೆ, ಹೊಗೆಸೊಪ್ಪು ಒಯ್ದು ಹೊರಗೆ ಬೀಡಿ ಕಟ್ಟಿಸಿ ತರುವ ಸಟ್ಟೇದಾರರು ಸ್ವತಂತ್ರ ಗುತ್ತಿಗೆದಾರರೇ ಹೊರತು ಕಾರ್ಖಾನೆಯ ಕೆಲಸಗಾರರಲ್ಲ ಎಂದು 1958ರಲ್ಲಿ, ಮಧ್ಯಪ್ರದೇಶದ ಮೊಕದ್ದಮೆಯೊಂದರಲ್ಲಿ, ಸುಪ್ರೀಂ ಕೋರ್ಟು ಹೇಳಿತು. 1966ರಲ್ಲಿ ಸಂಸತ್ತು ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆಯನ್ನು ತಂದಾಗ ಈ ಗೊಂದಲಕ್ಕೆ ಕೊನೆ ಹಾಡಲು ನೋಡಿತು. ಮನೆಗೆ ಎಲೆ ಒಯ್ದು ಬೀಡಿ ಕಟ್ಟುವವಳೂ ಉದ್ಯೋಗಿಯೇ, ನಡುವೆ ಗುತ್ತಿಗೆದಾರನಿದ್ದರೂ ಅವಳ ಹೊಣೆ ಮೂಲ ಮಾಲೀಕನದೇ ಎಂದು ಬರೆಯಿತು. ಎಲೆಯ ವಿತರಣೆ, ಬೀಡಿ ತಳ್ಳುವುದು, ತಳ್ಳಿದ್ದರ ಕೂಲಿ, ಈ ಮೂರರ ತಕರಾರನ್ನು ಸರ್ಕಾರ ಗೊತ್ತುಮಾಡಿದ ಅಧಿಕಾರಿ ಬೇಗನೆ ತೀರ್ಮಾನಿಸಬೇಕೆಂದು ವಿಧಿಸಿತು. ಮಾಲೀಕರು ಸುಮ್ಮನಿರಲಿಲ್ಲ. ನಮ್ಮ ಕರಾವಳಿಯ ಹೆಸರಾಂತ ಮಂಗಳೂರು ಗಣೇಶ್ ಬೀಡಿ ಸಂಸ್ಥೆಯ ಹೆಸರಿನಲ್ಲೇ ಆ ಮೊಕದ್ದಮೆ ಪ್ರಸಿದ್ಧವಾಗಿದೆ. 1974ರಲ್ಲಿ ಸುಪ್ರೀಂ ಕೋರ್ಟು ಕಾಯಿದೆಯ ಮುಖ್ಯ ಅಂಶಗಳನ್ನು ಎತ್ತಿಹಿಡಿಯಿತು. ಮನೆಯ ಜಗಲಿಯವರೆಗೆ ಕಾನೂನು ಬರಲು ಇಷ್ಟು ಕಾಲ ಹಿಡಿಯಿತು.

ಈಗ ಭದ್ರಾವತಿಯ ಚಿತ್ರವೇ ಬೇರೆ. ಕಾಗದದ ಕಾರ್ಖಾನೆ ನಿಂತುಹೋಯಿತು. 2023ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ ಹೊರಬಿದ್ದಾಗ ಗೇಟಿನ ಮುಂದೆ ಧರಣಿ ಕುಳಿತವರು ಗುತ್ತಿಗೆ ಕಾರ್ಮಿಕರು. ಪರ್ಮನೆಂಟ್ ಎಂಬ ಮಾತು ಮದುವೆ ಮಾತುಕತೆಯಲ್ಲೂ ಅಪರೂಪವಾಗಿದೆ. ಸಾಗರದ ರಸ್ತೆಯಲ್ಲಿ, 1988ರಿಂದ ಹುಲಿ–ಸಿಂಹಗಳ ಧಾಮವೆಂದು ಹೆಸರಾದ ನಮ್ಮ ತ್ಯಾವರೆಕೊಪ್ಪದ ಕಡೆಯ ಹುಡುಗರು ಬೈಕು ಹತ್ತಿ ಶಿವಮೊಗ್ಗಕ್ಕೆ ಹೋಗಿ ಹೋಟೆಲಿನ ಊಟವನ್ನು ಮನೆಮನೆಗೆ ಮುಟ್ಟಿಸುತ್ತಾರೆ. ಬೈಕು ಅವರದು, ಪೆಟ್ರೋಲು ಅವರದು, ಫೋನೂ ಅವರದು. ಕೂಲಿ ಆರ್ಡರಿಗೆ ಇಷ್ಟು. ಬೇಕಾದಾಗ ಆ್ಯಪ್ ತೆರೆಯಬಹುದು, ಬೇಡವಾದಾಗ ಮುಚ್ಚಬಹುದು. ಕಂಪನಿ ಇವರನ್ನು ಕರೆಯುವುದು ‘ಪಾರ್ಟ್‌ನರ್’ ಎಂದು. ಅವರಲ್ಲೊಬ್ಬ ಹೇಳಿದ: ‘ಬರೋ ದಾರೀಗೆ ದುಡ್ಡಿಲ್ಲ, ಹೋಗ್ಲಿ ಬಿಡಿ ಮೇಷ್ಟ್ರೇ. ಐಡಿ ಬ್ಲಾಕ್ ಆದ್ರೆ ಯಾಕೆ ಅಂತ ಕೇಳೋಕೆ ಒಬ್ಬ ಮನುಷ್ಯ ಸಿಗಲ್ಲವಲ್ಲ!’

ಬೀಡಿ ತಳ್ಳುವ ಗುತ್ತಿಗೆದಾರನಿಗಾದರೂ ಮುಖವಿತ್ತು. ಅವನ ಹೆಂಡತಿಯ ಬಳಿ ಹೋಗಿ ಗೋಗರೆಯಬಹುದಿತ್ತು. ಇಲ್ಲಿ ಗಿರಾಕಿ ಕೊಡುವ ನಕ್ಷತ್ರಗಳು ಮತ್ತು ಯಾರೂ ಕಾಣದ ಒಂದು ಲೆಕ್ಕ ಸೇರಿ ತೀರ್ಪು ಕೊಡುತ್ತವೆ.

ಇಂಥವರು ದೇಶದಲ್ಲಿ 2020–21ರಲ್ಲಿ 77 ಲಕ್ಷ ಇದ್ದರೆಂದೂ 2029–30ಕ್ಕೆ 2.35 ಕೋಟಿ ಆಗುವರೆಂದೂ ನೀತಿ ಆಯೋಗದ ಅಂದಾಜು. ಇಂಗ್ಲೆಂಡಿನ ಸುಪ್ರೀಂ ಕೋರ್ಟು 2021ರಲ್ಲಿ, ಒಪ್ಪಂದದಲ್ಲಿ ಏನೇ ಬರೆದಿದ್ದರೂ ದರ ಮತ್ತು ಷರತ್ತುಗಳೆಲ್ಲ ಊಬರ್ ಕಂಪನಿಯ ಹಿಡಿತದಲ್ಲಿರುವುದರಿಂದ ಅದರ ಚಾಲಕರು ಕೆಲಸಗಾರರೇ ಎಂದಿತು. ನಮ್ಮಲ್ಲಿ ಹಾದಿ ಬೇರೆಯಾಯಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯು ಗಿಗ್ ಕೆಲಸಗಾರನೆಂದರೆ ಮಾಲೀಕ–ಉದ್ಯೋಗಿ ಎಂಬ ವಾಡಿಕೆಯ ಸಂಬಂಧದ ಹೊರಗೆ ದುಡಿಯುವವನು ಎಂದೇ ವಿವರಿಸಿದೆ. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ ದಿನವೇ 1966ರ ಬೀಡಿ ಕಾಯಿದೆ ರದ್ದಾಯಿತು. ಮನೆಯಲ್ಲಿ ಕುಳಿತವಳನ್ನು ಉದ್ಯೋಗಿಯೆಂದು ಒಳಗೆ ಕರೆದ ಕಾಯಿದೆ ಹೋಯಿತು. ಬೀದಿಯಲ್ಲಿ ಓಡುವವನನ್ನು ಹೊರಗಿನವನೆಂದೇ ಗುರುತಿಸಿ ನೆರವು ಕೊಡುವ ಸಂಹಿತೆ ಬಂತು.

ಕರ್ನಾಟಕದ 2025ರ ಗಿಗ್ ಕಾರ್ಮಿಕರ ಕಾಯಿದೆ ಒಂದು ಹೆಜ್ಜೆ ಮುಂದಿದೆ ಎನ್ನಬೇಕು. ಪ್ರತಿ ವಹಿವಾಟಿನಲ್ಲಿ ಕೆಲಸಗಾರನಿಗೆ ಸಲ್ಲುವ ಹಣದ ಮೇಲೆ ಶೇಕಡ 1ರಿಂದ 5ರಷ್ಟು ಕಲ್ಯಾಣ ಶುಲ್ಕವನ್ನು ಕಂಪನಿ ಕಟ್ಟಬೇಕು. ಹಣ ಕಡಿದರೆ ಕಾರಣ ತಿಳಿಸಬೇಕು. ತೆಗೆದುಹಾಕುವ ಮೊದಲು ಕಾರಣ ಬರೆದು 14 ದಿನಗಳ ನೋಟಿಸು ಕೊಡಬೇಕು. ಆ ಹುಡುಗ ಕೇಳಿದ ಪ್ರಶ್ನೆಗೆ ಇದು ಉತ್ತರದ ಆರಂಭ. ಆದರೆ ಆರ್ಡರಿಗೆ ಕನಿಷ್ಠ ಕೂಲಿ ಎಷ್ಟೆಂದು ಈ ಕಾಯಿದೆ ಹೇಳುವುದಿಲ್ಲ. ಸಾವಿರ ಬೀಡಿಗೆ ಕನಿಷ್ಠ ಕೂಲಿಯನ್ನು ಸರ್ಕಾರ ನಿಗದಿ ಮಾಡುತ್ತ ಬಂದಿರುವಾಗ ಹತ್ತು ಕಿಲೋಮೀಟರಿಗೆ ಏಕೆ ಮಾಡಬಾರದು?

ಬೀಡಿಯ ಇತಿಹಾಸ ಕಲಿಸುವ ಇನ್ನೊಂದು ಪಾಠವಿದೆ. ಕಾಯಿದೆ ಬಂದ ಮೇಲೂ ಅದರ ಫಲ ದಕ್ಕಿದ್ದು ಲಾಗ್ ಪುಸ್ತಕದಲ್ಲಿ ಹೆಸರಿದ್ದವರಿಗೆ. ಬೇರೆಯವಳ ಹೆಸರಿನಲ್ಲಿ ಕಟ್ಟಿದವಳಿಗೆ ಭವಿಷ್ಯನಿಧಿಯೂ ಇಲ್ಲ, ಮಕ್ಕಳ ವಿದ್ಯಾರ್ಥಿವೇತನವೂ ಇಲ್ಲ. ಅದಕ್ಕೇ ಆ ಪುಸ್ತಕವನ್ನು ಹೆಂಗಸರು ಒಡವೆಯ ಜೊತೆ ಟ್ರಂಕಿನಲ್ಲಿಡುತ್ತಿದ್ದರು. ಇಂದಿನ ಹುಡುಗರ ಲೆಕ್ಕವೆಲ್ಲ ಕಂಪನಿಯ ಯಂತ್ರದಲ್ಲಿದೆ. ಐಡಿ ನಿಂತರೆ ಅದೂ ಕಾಣದು. ಎಷ್ಟು ಆರ್ಡರು, ಎಷ್ಟು ದೂರ, ಎಷ್ಟು ಬಂತು, ಏಕೆ ಕಡಿದರು ಎಂಬುದನ್ನು ದಿನವೂ ತಮ್ಮದೇ ಪುಸ್ತಕದಲ್ಲಿ ಬರೆದಿಡಿ ಎಂದು ನಾನು ಅವರಿಗೆ ಹೇಳುತ್ತಿರುತ್ತೇನೆ. ಹಕ್ಕು ಕೇಳಲು ಹೋದವನನ್ನು ಕಚೇರಿಯಲ್ಲಿ ಮೊದಲು ಕೇಳುವುದು ಲೆಕ್ಕವನ್ನೇ.