ಚಿಗರಿಯ ಬೆನ್ನು ಹತ್ತಿ ಬಂದವರು

ಸ್ವಾತಂತ್ರ್ಯಕ್ಕೆ ಮೊದಲು ಚಿಕ್ಕೋಡಿಯ ಕಡೆ ಚಿಗರಿ ಬೇಟೆಗೆ ಹೊರಟ ಪರಸ್ಥಳದ ಶಿಕಾರಿಗೆ ಬಂದೂಕಿಗಿಂತ ಮೊದಲು ಬೇಕಾಗುತ್ತಿದ್ದದ್ದು ನಕಾಶೆ. ಇಂದು ಒಂದೇ ಬೆಳಗಾವಿ ಜಿಲ್ಲೆಯೊಳಗಿರುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಸೀಮೆ ಆಗ ಒಬ್ಬನೇ ದೊರೆಯ ನೆಲವಾಗಿರಲಿಲ್ಲ. ಚಿಕ್ಕೋಡಿಯನ್ನು ಇಂಗ್ಲಿಷರು 1827ರಲ್ಲಿ ಕೊಲ್ಹಾಪುರದ ಕೈಯಿಂದ ಬಿಡಿಸಿಕೊಂಡಿದ್ದರು. ನಿಪ್ಪಾಣಿಯ ದೇಸಾಯಿ ಸಿದ್ಧೋಜಿರಾವ್ 1839ರಲ್ಲಿ ತೀರಿಕೊಂಡ ಮೇಲೆ ಆ ಜಹಗೀರೂ ಕಂಪನಿ ಸರ್ಕಾರದ ಪಾಲಾಯಿತು. ಅಥಣಿ ಬ್ರಿಟಿಷ್ ತಾಲ್ಲೂಕು. ರಾಯಬಾಗ ಮಾತ್ರ 1949ರ ತನಕ ಕೊಲ್ಹಾಪುರ ಸಂಸ್ಥಾನದ ಮಹಾಲಾಗಿ, ಸುತ್ತಲಿನ ಪರರಾಜ್ಯದ ನಡುವೆ ಒಂಟಿಯಾಗಿ ಉಳಿಯಿತು. ಇವುಗಳ ಸಂದುಗಳಲ್ಲೆಲ್ಲ ಪಟವರ್ಧನರ ಸಾಂಗ್ಲಿ, ಮೀರಜ, ಕುರುಂದವಾಡ ಸಂಸ್ಥಾನಗಳ ಹಳ್ಳಿಗಳು ಹರಡಿಕೊಂಡಿದ್ದವು. ಒಂದು ಹೊಲದ ಬದು ದಾಟಿದರೆ ಸರ್ಕಾರವೇ ಬೇರೆ, ಕಾನೂನೇ ಬೇರೆ.

ಚಿಗರಿಗೆ ಇದಾವುದೂ ಗೊತ್ತಿರಲಿಲ್ಲ. ಎರಿ ಹೊಲದಿಂದ ಮಡ್ಡಿಗೆ, ಮಡ್ಡಿಯಿಂದ ಗಾಯರಾಣಕ್ಕೆ, ಅಂದರೆ ಊರ ಗೋಮಾಳಕ್ಕೆ, ಅದು ಓಡಾಡಿಕೊಂಡಿತ್ತು. ಗ್ರಂಥದವರು ಕೃಷ್ಣಮೃಗ ಎನ್ನುವ ಪ್ರಾಣಿಯನ್ನು ಕೃಷ್ಣಾ, ದೂಧಗಂಗಾ ತೀರದ ಜನ ಚಿಗರಿ ಎಂದೇ ಕರೆಯುತ್ತಾರೆ. ಗಂಡಿಗೆ ಸುರುಳಿ ಸುತ್ತಿದ ಕೋಡು, ಕಪ್ಪು ಬೆನ್ನು, ಬಿಳಿ ಹೊಟ್ಟೆ. ಹೆಣ್ಣಿಗೆ ಕೋಡಿಲ್ಲ, ಮೈ ಕಂದು. ಜಿಂಕೆಯಂತೆ ಪ್ರತಿವರ್ಷ ಕೋಡು ಉದುರಿಸುವ ಜಾತಿ ಇದಲ್ಲ. ಮರಗಳ ಮರೆ ಇದಕ್ಕೆ ಬೇಡ. ಬಯಲು ಬೇಕು, ದೂರಕ್ಕೆ ಕಣ್ಣು ಹಾಯಬೇಕು, ಅಪಾಯ ಕಂಡರೆ ಓಡಲು ದಾರಿ ಇರಬೇಕು. ಸಹ್ಯಾದ್ರಿಯ ಮಳೆ ನೆರಳಿನಲ್ಲಿ ಚಾಚಿಕೊಂಡ ಈ ಬಯಲುಸೀಮೆ ಇಂಥ ಪ್ರಾಣಿಗೆ ಹೇಳಿ ಮಾಡಿಸಿದಂತಿತ್ತು.

ಈ ಭಾಗದ ಪ್ರಾಣಿಗಳನ್ನು ಹೊರಗಿನ ಲೋಕಕ್ಕೆ ಮೊದಲು ಕ್ರಮವಾಗಿ ಪರಿಚಯಿಸಿದವನು ವಾಲ್ಟರ್ ಎಲಿಯಟ್. 1824ರಲ್ಲಿ ಕಿತ್ತೂರಿನಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತಾಗ ರಾಣಿ ಚೆನ್ನಮ್ಮನ ಕಡೆಯವರ ಸೆರೆಯಾದ ಇಬ್ಬರು ಅಧಿಕಾರಿಗಳಲ್ಲಿ ಇವನೊಬ್ಬ. ಬಿಡುಗಡೆಯಾದ ಮೇಲೂ ಎಲಿಯಟ್ ಧಾರವಾಡ ಸೀಮೆಯಲ್ಲೇ ವರ್ಷಗಟ್ಟಲೆ ಉಳಿದ. ಶಾಸನಗಳನ್ನು ಕೂಡಿಸಿದ, ಬೇಟೆಯಾಡಿದ, ಪ್ರಾಣಿಗಳ ವಿವರ ಬರೆದಿಟ್ಟ. ದಕ್ಷಿಣ ಮರಾಠಾ ಪ್ರಾಂತ್ಯದ ಸಸ್ತನಿಗಳ ಬಗ್ಗೆ ಅವನು ಮಾಡಿದ ಪಟ್ಟಿ 1839ರಲ್ಲಿ ಮದರಾಸಿನ ವಿದ್ವತ್ ಪತ್ರಿಕೆಯಲ್ಲಿ ಅಚ್ಚಾಯಿತು. ಪ್ರಾಣಿಗಳಿಗೆ ಸ್ಥಳೀಯರು ಇಟ್ಟ ಹೆಸರುಗಳನ್ನೂ ಅವನು ದಾಖಲಿಸಿದ. ಆ ಹೆಸರು, ಆ ವಿವರ ಅವನ ಕಿವಿಗೆ ಬಿದ್ದದ್ದು ಊರಿನವರ ಬಾಯಿಂದ, ಅದರಲ್ಲೂ ಬೇಟೆಯನ್ನೇ ನಂಬಿ ಬದುಕುತ್ತಿದ್ದವರ ಬಾಯಿಂದ. ಪರಸ್ಥಳದ ಶಿಕಾರಿಯ ಇತಿಹಾಸವನ್ನು ಎಲ್ಲಿ ಬಗೆದರೂ ಕೆಳಗೆ ಈ ಜನ ಸಿಗುತ್ತಾರೆ.

ಅವರಿಗೆ ಹೆಸರು ಹಲವು: ಹರಣಶಿಕಾರಿ, ಫಾಸೆ ಪಾರಧಿ, ಅಡವಿಚಂಚರು, ಚಿಗರಿ ಬೇಟೆಕಾರರು. ಅವರ ಆಯುಧ ಫಾಸೆ, ಅಂದರೆ ಉರುಲು. ಚಿಗರಿ ಹಿಂಡು ಹಾಯುವ ದಾರಿಯನ್ನು ದಿನಗಟ್ಟಲೆ ನೋಡಿಟ್ಟುಕೊಂಡು, ಸಾಲಾಗಿ ಗೂಟ ಹೊಡೆದು, ನರ ಅಥವಾ ತೊಗಲಿನಿಂದ ಹೊಸೆದ ಹುರಿಯ ಉರುಲುಗಳನ್ನು ನೆಲಮಟ್ಟದಲ್ಲಿ ಹರಡುತ್ತಿದ್ದರು. ಆಮೇಲೆ ಪಳಗಿಸಿದ ಎತ್ತಿನ ಮರೆಯಲ್ಲಿ ನಡೆಯುತ್ತ, ಅವಸರ ಮಾಡದೆ, ಹಿಂಡನ್ನು ಆ ಕಡೆಗೆ ಸರಿಸುತ್ತಿದ್ದರು. ಮೇಯುವ ಎತ್ತನ್ನು ಕಂಡು ಚಿಗರಿ ಬೆದರುವುದಿಲ್ಲ. ಇನ್ನೊಂದು ಉಪಾಯ ಇದಕ್ಕಿಂತ ಜಾಣತನದ್ದು. ಸಾಕಿದ ಗಂಡು ಚಿಗರಿಯ ಕೋಡಿಗೆ ಉರುಲು ಸುತ್ತಿ ಹಿಂಡಿನ ಹತ್ತಿರ ಬಿಟ್ಟರೆ, ಹಿಂಡಿನ ಯಜಮಾನ ಕಾದಾಡಲು ನುಗ್ಗಿ ಬಂದು ತಾನೇ ಸಿಕ್ಕಿಬೀಳುತ್ತದೆ. ಸಾಕಿದ ಮೃಗವನ್ನು ಒಡ್ಡಿ ಕಾಡಿನದನ್ನು ಹಿಡಿಯುವುದಕ್ಕೆ ಹಳಗನ್ನಡದಲ್ಲಿ ದೀವದ ಬೇಟೆ ಎಂಬ ಹೆಸರೇ ಇದೆ.

ಅರಸರ ಬೇಟೆಯೂ ಅಷ್ಟೇ ಹಳೆಯದು. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೇ ಶತಮಾನದ ಮೊದಲ ಭಾಗದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಮೃಗಯಾ ವಿನೋದಕ್ಕೆಂದೇ ಜಾಗವಿದೆ. ಚೀತಾವನ್ನು, ಅಂದರೆ ಸಿವಂಗಿಯನ್ನು, ಪಳಗಿಸಿ ಚಿಗರಿಯ ಮೇಲೆ ಬಿಡುವ ಆಟದ ಸ್ಪಷ್ಟ ವಿವರ ಭಾರತದಲ್ಲಿ ಮೊದಲು ಸಿಗುವುದು ಈ ಗ್ರಂಥದಲ್ಲಿ. ನಾಲ್ಕು ಶತಮಾನ ಕಳೆದ ಮೇಲೆ ಅಕ್ಬರನ ಆಸ್ಥಾನ ಇದನ್ನು ದೊಡ್ಡ ಪ್ರಮಾಣದಲ್ಲಿ ಬೆಳೆಸಿತು.

ಚೀತಾ ಸೆರೆಯಲ್ಲಿ ಮರಿ ಹಾಕುವುದು ತೀರ ಅಪರೂಪ. ಮೊಗಲರ ಕಾಲದ ದಾಖಲೆಯಲ್ಲಿ ಸಿಗುವುದು ಜಹಾಂಗೀರನ ಆಳಿಕೆಯ ಒಂದೇ ಒಂದು ಹೆರಿಗೆ. ಹೀಗಾಗಿ ಅರಸನ ಗೂಡಿನ ಒಂದೊಂದು ಚೀತಾವನ್ನೂ ಕಾಡಿನಿಂದಲೇ ಹಿಡಿದು ತರಬೇಕಿತ್ತು. ಬೆಳೆದ ಚೀತಾಗಳು ಬಂದು ಮೈ ಉಜ್ಜುವ, ಉಗುರು ಮಸೆಯುವ ಮರಗಳಿರುತ್ತವೆ. ಅಂಥ ಮರ ಯಾವುದೆಂದು ತಿಳಿದು ಅದರ ಬುಡದಲ್ಲಿ ಉರುಲು ಹಾಸುತ್ತಿದ್ದವರು ಪಾರಧಿಗಳಂಥ ಬೇಟೆಗಾರರೇ. ಸಿಂಹಾಸನದ ವೈಭವವೆಂದು ಚಿತ್ರಕಾರರು ಬರೆದ ಆ ಬೇಟೆ ನಿಂತಿದ್ದದ್ದು ಗುಡಿಸಲಿನವರ ಹುರಿಯ ಮೇಲೆ.

ಈ ಆಟವನ್ನು ಕೊಲ್ಹಾಪುರಕ್ಕೆ ಅಂಟಿಸಿದವರು ಛತ್ರಪತಿ ಶಾಹೂ ಮಹಾರಾಜರು. 1894ರಿಂದ 1922ರ ತನಕ ಆಳಿದ ಶಾಹೂ ರಾಜಕೋಟದ ರಾಜಕುಮಾರ ಕಾಲೇಜಿನಲ್ಲಿ ಓದುವಾಗ ಭಾವನಗರದ ಭಾವಸಿಂಹಜಿ ಅವರ ಸಹಪಾಠಿ, ಗೆಳೆಯ. ಭಾವನಗರದಲ್ಲಿ ಚೀತಾ ಬೇಟೆ ನೋಡಿ ಶಾಹೂ ಮರುಳಾದರು. ಆ ಹೊತ್ತಿಗೆ ಭಾರತದ ಚೀತಾ ಅಳಿವಿನ ಅಂಚಿಗೆ ಬಂದಿತ್ತು. 1918ರ ಸುಮಾರಿಗೆ ಈ ಎರಡೂ ಸಂಸ್ಥಾನಗಳು ಆಫ್ರಿಕದಿಂದ ಚೀತಾ ತರಿಸಲು ಶುರುಮಾಡಿದವು. ಹಡಗಿನಲ್ಲಿ ಬಂದ ಪ್ರಾಣಿಗೆ ಕಣ್ಣಿಗೆ ತೊಗಲಿನ ಟೊಪ್ಪಿಗೆ ಕಟ್ಟಿ, ಜನರ ಗದ್ದಲ ಅಭ್ಯಾಸ ಮಾಡಿಸಿ, ಬಂಡಿಯ ಮೇಲೆ ಕೂರುವುದನ್ನು ಕಲಿಸುತ್ತಿದ್ದರು.

ಬೇಟೆಯ ದಿನ ಕೆಲಸವೆಲ್ಲ ಬಂಡಿಯದು. ಎತ್ತಿನ ಬಂಡಿ ಹೊಲದಲ್ಲಿ ಹಾದುಹೋಗುವುದು ಚಿಗರಿಗೆ ನಿತ್ಯದ ನೋಟ; ಅದು ಓಡುವುದಿಲ್ಲ. ಸುತ್ತು ಹಾಕುತ್ತ, ನೇರವಾಗಿ ಮುಖ ಕೊಡದೆ ಹತ್ತಿರ ಸರಿದು ಟೊಪ್ಪಿಗೆ ತೆಗೆಯುತ್ತಿದ್ದರು. ಚೀತಾ ಒಂದು ಕ್ಷಣ ಹಿಂಡನ್ನು ನೋಡಿ ಒಂದನ್ನು ಆರಿಸಿಕೊಂಡು ಹಾರುತ್ತಿತ್ತು. ಕೆಲವು ನೂರು ಗಜಗಳಲ್ಲಿ ಎಲ್ಲ ತೀರ್ಮಾನ. ಮುಂಗಾಲಿನಿಂದ ಕೆಡವಿ ಗಂಟಲು ಹಿಡಿದರೆ ಸರಿ. ತಪ್ಪಿದರೆ ಅಲ್ಲೇ ಕೂತುಬಿಡುತ್ತಿತ್ತು, ಆಮೇಲೆ ಎಷ್ಟು ಪುಸಲಾಯಿಸಿದರೂ ಏಳದು. ಬೇಟೆ ಸಿಕ್ಕಾಗ ಆಳುಗಳು ಓಡಿ, ಬಿಸಿ ರಕ್ತವನ್ನು ಮರದ ಸೌಟಿನಲ್ಲಿ ಹಿಡಿದು ಕುಡಿಸಿ, ಅದರ ಗಮನ ತಪ್ಪಿಸಿ ಮತ್ತೆ ಟೊಪ್ಪಿಗೆ ಕಟ್ಟುತ್ತಿದ್ದರು.

ಕೊಲ್ಹಾಪುರದವರಿಗೆ ರಾಯಬಾಗ ಸ್ವಂತ ಮಹಾಲು. ಅಲ್ಲಿ ಯಾರ ಅಪ್ಪಣೆಯೂ ಬೇಡ. 1891ರಲ್ಲಿ ಕೊಲ್ಹಾಪುರ–ಮೀರಜ ರೈಲು ಶುರುವಾದ ಮೇಲೆ ದಾರಿಯೂ ಸುಲಭವಾಯಿತು: ಮೀರಜದಲ್ಲಿ ಬೆಳಗಾವಿಯ ಗಾಡಿ ಹಿಡಿದರೆ ಶೇಡಬಾಳ, ಉಗಾರ, ಕುಡಚಿ, ಚಿಂಚಲಿ, ಆಮೇಲೆ ರಾಯಬಾಗ. ಹೊರಗಿನ ಯಾವ ಶಿಕಾರಿಯಾದರೂ ಕಾಲ ನೋಡಿಯೇ ಬರಬೇಕಿತ್ತು. ಮಳೆಗಾಲದ ಎರಿ ನೆಲ ಬಂಡಿಯ ಗಾಲಿಯನ್ನು ಹಿಡಿದಿಡುತ್ತದೆ. ಜೋಳ ನಿಂತಿರುವಾಗ ಚಿಗರಿ ಕಾಣುವುದಿಲ್ಲ, ರೈತ ಹೊಲಕ್ಕೆ ಬಿಡುವುದೂ ಇಲ್ಲ. ಕಣ ಮುಗಿದು ಹೊಲ ಬರಿದಾದ ದಿನಗಳೇ ಅನುಕೂಲ.

ಊರನ್ನೂ ನೋಡಿಕೊಳ್ಳಬೇಕಿತ್ತು. ಈ ಸೀಮೆಯ ಒಕ್ಕಲುತನದಲ್ಲಿ ದೊಡ್ಡ ಪಾಲು ಚತುರ್ಥ ಜೈನರದು. ಭೋಜದ ಸೀಮೆಯಲ್ಲಿ 1872ರಲ್ಲಿ ಹುಟ್ಟಿದ ಬಾಲಕ ಮುಂದೆ ಆಚಾರ್ಯ ಶಾಂತಿಸಾಗರರಾಗಿ ದಿಗಂಬರ ಮುನಿ ಪರಂಪರೆಗೆ ಹೊಸ ಜೀವ ಕೊಟ್ಟರು. ಶೇಡಬಾಳದಲ್ಲಿ 1925ರಲ್ಲಿ ವಿದ್ಯಾನಂದ ಮುನಿಗಳು, ಸದಲಗಾದಲ್ಲಿ 1946ರಲ್ಲಿ ಆಚಾರ್ಯ ವಿದ್ಯಾಸಾಗರರು ಹುಟ್ಟಿದರು. ನವಿಲುಗರಿಯ ಪಿಂಛಿಯಿಂದ ನೆಲ ಗುಡಿಸಿ, ಇರುವೆಗೂ ನೋವಾಗದಂತೆ ಕೂರುವ ಮುನಿಗಳ ತವರು ಇದು. ಬೇಟೆಯ ಡೇರೆಗಳು ಬೀಳುತ್ತಿದ್ದದ್ದೂ ಇದೇ ಮಣ್ಣಿನ ಮೇಲೆ. ಈ ಎರಡು ಪರಂಪರೆಗಳು ಒಂದೇ ಕಾಲದಲ್ಲಿ ಅಕ್ಕಪಕ್ಕ ಬಾಳಿದ ಕಥೆ ಇಲ್ಲಿಯ ಇತಿಹಾಸ ಬರೆಯುವವರ ಕಣ್ಣಿಗೆ ಇನ್ನೂ ಸರಿಯಾಗಿ ಬಿದ್ದಿಲ್ಲ.

ಕಾನೂನಿನ ಮಾತಿಗೆ ಬಂದರೆ ಮನಸ್ಸು ಕಹಿಯಾಗುತ್ತದೆ. 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಹುಕುಂ ಬಂದಾಗ ಮುಧೋಳದ ಹತ್ತಿರದ ಹಲಗಲಿಯ ಬೇಡರು ಕೊಡುವುದಿಲ್ಲವೆಂದು ಎದ್ದು ನಿಂತರು. ಊರಿಗೆ ಬೆಂಕಿ ಬಿತ್ತು, ಸೆರೆ ಸಿಕ್ಕವರು ಗಲ್ಲಿಗೇರಿದರು. 1878ರ ಆಯುಧ ಕಾಯ್ದೆಯಲ್ಲಿ ಭಾರತೀಯರು ಬಂದೂಕಿಗೆ ಪರವಾನಗಿ ಪಡೆಯಬೇಕಾಯಿತು. ಯುರೋಪಿಯನ್ನರಿಗೆ ವಿನಾಯಿತಿ ಸಿಕ್ಕಿತು. 1912ರ ಕಾಡು ಹಕ್ಕಿ ಮತ್ತು ಪ್ರಾಣಿಗಳ ರಕ್ಷಣಾ ಕಾಯ್ದೆ ಬೇಟೆ ನಿಷೇಧದ ತಿಂಗಳುಗಳನ್ನು ಗೊತ್ತುಪಡಿಸುವ ಅಧಿಕಾರವನ್ನು ಪ್ರಾಂತ ಸರ್ಕಾರಗಳಿಗೆ ಕೊಟ್ಟಿತು. ಮೊದಲ ತಪ್ಪಿಗೆ ಹೆಚ್ಚೆಂದರೆ 50 ರೂಪಾಯಿ ದಂಡ. ಬೆಳೆ ಉಳಿಸಿಕೊಳ್ಳಲು ಹೊಡೆದರೆ ತಪ್ಪಲ್ಲ. ಆ ಕಾಯ್ದೆ ಚಿಕ್ಕೋಡಿ, ಅಥಣಿಯಂಥ ಬ್ರಿಟಿಷ್ ತಾಲ್ಲೂಕುಗಳಿಗೆ ಅನ್ವಯಿಸುತ್ತಿತ್ತು. ರಾಯಬಾಗದ ಗಡಿಯೊಳಗೆ ಕೊಲ್ಹಾಪುರದ ಮಾತೇ ಕಾನೂನು.

ಆದರೆ ಉರುಲು ಹಿಡಿದ ಬೇಟೆಗಾರ ಬೇರೆಯೇ ಕಾಯ್ದೆಗೆ ಸಿಕ್ಕಿದ. 1911ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಮುಂಬೈ ಪ್ರಾಂತಕ್ಕೂ ಬಂತು. ಏನೂ ಮಾಡದಿದ್ದರೂ, ಹುಟ್ಟಿದ ಜಾತಿಯ ಕಾರಣಕ್ಕೇ ಪೊಲೀಸರೆದುರು ಹಾಜರಿ ಹಾಕಬೇಕು, ಊರು ಬಿಡಲು ಚೀಟಿ ಬೇಕು. ಹುಬ್ಬಳ್ಳಿ, ಗದಗ, ವಿಜಯಪುರಗಳಲ್ಲಿ ಮುಳ್ಳುತಂತಿಯ ಸೆಟ್ಲಮೆಂಟುಗಳು ಎದ್ದವು. ಚಿಗರಿಯ ಜಾಡು ಹಿಡಿದು ನಾಡೆಲ್ಲ ತಿರುಗುವುದೇ ಕಸುಬಾಗಿದ್ದವರಿಗೆ ತಿರುಗುವುದೇ ಅಪರಾಧವಾಯಿತು. ಅದೇ ಚಿಗರಿಯನ್ನು ಹೊಡೆಯಲು ಬಂದ ಸಾಹೇಬನಿಗೆ ಅದು ರಜೆಯ ಮೋಜು, ಅರಸನಿಗೆ ಪ್ರತಿಷ್ಠೆ. ಜಾಡು ತೋರಿಸಲು ಇಬ್ಬರಿಗೂ ಬೇಕಾಗಿದ್ದವನು ಮಾತ್ರ ಹುಟ್ಟುಗಳ್ಳ. ಈ ಸೀಮೆಯ ಬೇಟೆಯ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಅನ್ಯಾಯವಿಲ್ಲ.

ಶಾಹೂ ಮಹಾರಾಜರು ಇದನ್ನು ಬೇರೆ ಕಣ್ಣಿನಿಂದ ನೋಡಿದರು. ಫಾಸೆ ಪಾರಧಿಗಳನ್ನು ಕೊಲ್ಹಾಪುರದ ಹತ್ತಿರದ ಸೋನತಳಿ ಬಿಡಾರಕ್ಕೆ ಕರೆಸಿ ಕೆಲಸ ಕೊಟ್ಟರು, ಪಹರೆಗೆ ನಿಲ್ಲಿಸಿಕೊಂಡರು. ಮಹಾರ, ಮಾಂಗ, ರಾಮೋಶಿ, ಬೇರಡರು ದಿನವೂ ಹಾಜರಿ ಹಾಕುವ ಪದ್ಧತಿಯನ್ನು 1918ರಲ್ಲಿ ತಮ್ಮ ಸಂಸ್ಥಾನದಲ್ಲಿ ತೆಗೆದುಹಾಕಿದರು. ಬೇಟೆಯ ಹುಚ್ಚು ಅವರನ್ನು ಅಡವಿ ಅಲೆಯುವವರ ಹತ್ತಿರ ತಂದಿತ್ತು. ಆ ಜನರ ಜಾಣ್ಮೆಯನ್ನೂ ಹಸಿವನ್ನೂ ದರಬಾರಿನಲ್ಲಿ ಕೂತು ಕಾಣುವುದು ಸಾಧ್ಯವಿರಲಿಲ್ಲ.

1949ರಲ್ಲಿ ಸಂಸ್ಥಾನ ವಿಲೀನವಾಗಿ ರಾಯಬಾಗ ಬೆಳಗಾವಿ ಜಿಲ್ಲೆಗೆ ಸೇರಿತು. 1951ರ ಮುಂಬೈ ಕಾಯ್ದೆ ಬೇಟೆಯನ್ನು ಪರವಾನಗಿಯ ಹಿಡಿತಕ್ಕೆ ತಂದಿತು. 1952ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ರದ್ದಾಯಿತು. ಭಾರತದ ಚೀತಾ ಅಳಿದುಹೋಯಿತೆಂದು ಘೋಷಿಸಿದ್ದೂ ಅದೇ ವರ್ಷ. ಚಿಗರಿಗೆ ಮಾತ್ರ ಕಾನೂನು ತಡವಾಗಿ ಮುಟ್ಟಿತು. ಎರಡನೆಯ ಮಹಾಯುದ್ಧದ ನಂತರ ಅಗ್ಗವಾಗಿ ಸಿಕ್ಕ ಜೀಪು, ರಾತ್ರಿ ಕಣ್ಣು ಕುಕ್ಕುವ ದೀಪ ದೇಶದ ಬಯಲುಗಳಲ್ಲೆಲ್ಲ ಅದರ ಹಿಂಡುಗಳನ್ನು ಬರಿದು ಮಾಡಿದವು.

ಅಳಿದುಳಿದದ್ದಕ್ಕೆ ನೆಲವೇ ಇಲ್ಲವಾಯಿತು. 1939ರಲ್ಲಿ ಉಗಾರಕ್ಕೆ ಸಕ್ಕರೆ ಕಾರ್ಖಾನೆ ಬಂದಿತ್ತು. 1970ರ ದಶಕದಲ್ಲಿ ಹಿಡಕಲ್ ಅಣೆಕಟ್ಟೆಯ ನೀರು ಘಟಪ್ರಭಾ ಎಡದಂಡೆ ಕಾಲುವೆಯ ಬಯಲಿಗೆ ಹರಿಯಿತು. ಸಹಕಾರಿ ಕಾರ್ಖಾನೆಗಳು ಒಂದರ ಹಿಂದೆ ಒಂದು ಎದ್ದವು. ಜೋಳದ ಹೊಲ ಕಬ್ಬಿನ ಗದ್ದೆಯಾಯಿತು, ನಿಪ್ಪಾಣಿಯ ಸುತ್ತ ತಂಬಾಕು ಹಬ್ಬಿತು, ಗಾಯರಾಣಗಳು ಒತ್ತುವರಿಯಾದವು. ಆಳೆತ್ತರದ ಕಬ್ಬಿನಲ್ಲಿ ಹಂದಿ ಬದುಕುತ್ತದೆ, ಚಿಗರಿ ಬದುಕುವುದಿಲ್ಲ. ಈ ನೀರು ರೈತರ ಮನೆಗೆ ಅನ್ನ, ಶಾಲೆ, ಪಕ್ಕಾ ಗೋಡೆ ತಂದಿತು, ಅದನ್ನು ದೂರಲಾಗದು. ಆದರೆ ಊರಿಗೊಂದು ಗಾಯರಾಣವನ್ನಾದರೂ ಉಳಿಸಿಕೊಳ್ಳಬಹುದಿತ್ತು.

ಪರಸ್ಥಳದ ಶಿಕಾರಿಯ ವಿಷಯದಲ್ಲಿ ಅಮೆರಿಕದ ಪಶ್ಚಿಮ ರಾಜ್ಯಗಳು ಬೇರೆ ದಾರಿ ಹಿಡಿದವು. ಅಲ್ಲಿ ಮ್ಯೂಲ್ ಡಿಯರ್ ಎಂಬ ಹೇಸರಗತ್ತೆ ಕಿವಿಯ ಜಿಂಕೆಯನ್ನು ಬೆನ್ನಚೀಲ ಹೊತ್ತು ಬೆಟ್ಟ ಹತ್ತಿ ಬೇಟೆಯಾಡಲು ಇಂದಿಗೂ ಹೊರರಾಜ್ಯದವರು ಬರುತ್ತಾರೆ. ಅವರಿಗೆ ಪರವಾನಗಿಯ ಸಂಖ್ಯೆ ಮಿತ, ಎಷ್ಟೋ ಕಡೆ ಚೀಟಿ ಎತ್ತಿ ಹಂಚುತ್ತಾರೆ, ಶುಲ್ಕ ಸ್ಥಳೀಯರಿಗಿಂತ ಹಲವು ಪಟ್ಟು. 1937ರ ಒಂದು ಕಾಯ್ದೆ ಬಂದೂಕು, ಮದ್ದುಗುಂಡಿನ ತೆರಿಗೆಯನ್ನು ವನ್ಯಜೀವಿಗಳ ರಕ್ಷಣೆಗೆ ತೊಡಗಿಸಿತು. ಅಲ್ಲಿಯ ಜಿಂಕೆ ದೊರೆಯ ಸೊತ್ತೂ ಅಲ್ಲ, ಹೊಲದವನ ಸೊತ್ತೂ ಅಲ್ಲ, ರಾಜ್ಯದ ಜನರದ್ದು. ಭಾರತ 1972ರ ವನ್ಯಜೀವಿ ಕಾಯ್ದೆಯ ಮೂಲಕ ಚಿಗರಿ ಬೇಟೆಯ ಬಾಗಿಲನ್ನೇ ಮುಚ್ಚಿತು. ಚಿಗರಿ ಮೊದಲನೆಯ ಪರಿಶಿಷ್ಟದಲ್ಲಿದೆ. ಕೊಂದವರಿಗೆ 3ರಿಂದ 7 ವರ್ಷದ ಸೆರೆ. ನೂರು ವರ್ಷದ ಹಿಂದೆ 50 ರೂಪಾಯಿಗೆ ಮುಗಿಯುತ್ತಿದ್ದ ತಪ್ಪು ಅದು.

ಹರಣಶಿಕಾರಿ, ಫಾಸೆ ಪಾರಧಿ ಎಂಬ ಹೆಸರುಗಳು ಇಂದು ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿವೆ. ಚಿಗರಿಯ ಹೆಸರು ಹುಬ್ಬಳ್ಳಿ–ಧಾರವಾಡದ ಬಸ್ಸುಗಳ ಮೇಲಿದೆ. ಚಿಕ್ಕೋಡಿ, ರಾಯಬಾಗದ ಮಕ್ಕಳಿಗೆ ಜೀವಂತ ಹಿಂಡು ತೋರಿಸಬೇಕೆಂದರೆ ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಂಥ ದೂರದ ಜಾಗಕ್ಕೆ ಹೋಗಬೇಕು. ಅಲ್ಲಿ 1974ರಲ್ಲಿ 119 ಚದರ ಕಿಲೋಮೀಟರಿನ ಅಭಯಾರಣ್ಯವಾಯಿತು. ಅದರ ಬಹುಭಾಗದಲ್ಲಿ ನೀಲಗಿರಿ ಮರಗಳು ನಿಂತಿವೆ. ಬಯಲು ಹುಡುಕುವ ಚಿಗರಿಗಳು ಬೆಳಗಿನ ಹೊತ್ತು ಸುತ್ತಲಿನ ರೈತರ ಹೊಲಗಳಿಗೇ ಇಳಿಯುತ್ತವೆ.